ಹೊಳೆಗಿಂತ ಶುದ್ಧ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಹೊಳೆಯಿಂದ ಇನ್ನಷ್ಟು ನೀರೆತ್ತಲು ಅನುಮತಿ ಕೇಳಿತ್ತು. ಅದಕ್ಕಾಗಿ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಊರವರ ಅಹವಾಲು ಸಭೆ ಕರೆದಿದ್ದರು.

ಮೀನುಗಾರರ ಹುಲಿಗೆಮ್ಮ ಎದ್ದು ನಿಂತಳು. "ನಿಮ್ಮ ಪೈಪಿನ ನೀರು ಹೊಳೀಗೆ ಬೀಳಾಕ ಹತ್ತಿದಾಗಿಂದ ಬಲ್ಯಾಗ ಬರೇ ಸತ್ತ ಮೀನ ಸಿಗಾಕತ್ತಾವ್ರೀ. ನಾವು ಏನು ತಿನ್ನೂಣು?"

ಕಾರ್ಖಾನೆಯ ಮ್ಯಾನೇಜರ್ ನಕ್ಕರು. "ನೋಡಮ್ಮಾ, ನಾವು ಬಿಡೋದು ಶುದ್ಧ ಮಾಡಿದ ನೀರು. ನಿಮ್ಮ ಹೊಳೆ ನೀರಿಗಿಂತ ಚೆನ್ನಾಗಿರುತ್ತೆ."

"ಸುಳ್ಳು!" ಎಂದು ಜನ ಕೂಗಾಡಿದರು. ಮಧ್ಯಾಹ್ನ ಕಾರ್ಖಾನೆಯ ಗೆಸ್ಟ್‌ಹೌಸಿನಲ್ಲಿ ಹೋಳಿಗೆ ಉಂಡು ಬಂದು ಸಭೆ ನಡೆಸುತ್ತಿದ್ದ ಸರ್ಕಾರಿ ಅಧಿಕಾರಿಗೆ ಮ್ಯಾನೇಜರರನ್ನು ಹೇಗಾದರೂ ಪಾರು ಮಾಡಬೇಕಿತ್ತು. ಥಟ್ಟನೆ ಒಂದು ಉಪಾಯ ಹೊಳೆಯಿತು.

"ಎಲ್ಲಾರೂ ಸುಮ್ಮನಿರ್ರಿ! ಮ್ಯಾನೇಜರ್ ಸಾಹೇಬ್ರ, ಅಂಥಾ ಶುದ್ಧ ನೀರು ಈ ಮಂದಿಗ್ಯಾಕ ಕೊಡ್ತೀರಿ? ಹೊಳೀಗೆ ಬಿಡಬ್ಯಾಡ್ರಿ, ನಿಮ್ಮ ಕಾರ್ಖಾನೀಗೇ ತಿರುಗಿಸಿ ಬಳಸ್ಕೊಳ್ರಿ. ಹೊಸ ನೀರೂ ಬೇಕಾಗೂದಿಲ್ಲ, ಜಗಳಾನೂ ಮುಗೀತದ."

ಮ್ಯಾನೇಜರ್ ಗಾಬರಿಯಿಂದ ಎದ್ದು ನಿಂತರು. ಎದುರಿಗೆ ಮೈಕ್ ಇದ್ದುದೂ ಅವರಿಗೆ ಮರೆತುಹೋಯಿತು.

"ಏನ್ ಸಾರ್ ಹೀಗಂತೀರಿ? ಆ ನೀರು ಹಾಕಿದ್ರೆ ನಮ್ಮ ಮೆಷಿನ್ ಎಲ್ಲಾ ಹಾಳಾಗಿ ಹೋಗುತ್ತೆ!"