ಕೆಂಡನ ಸ್ವಂತ ಸಾಲು

ಟೊರೊಂಟೊದ ಒಂದು ಮನೆಯ ನೆಲಮಾಳಿಗೆಯಲ್ಲಿ ಸಂದರ್ಶನ ನಡೆದಿತ್ತು. ಕನ್ನಡದಲ್ಲಿ ರ‍್ಯಾಪ್ ಹಾಡುವ ಆ ಹುಡುಗ ತನಗೆ ತಾನೇ ‘ಕೆಂಡ’ ಎಂದು ಹೆಸರಿಟ್ಟುಕೊಂಡಿದ್ದ. ಅದೇ ಊರಿನ ಇನ್ನೊಬ್ಬ ಕನ್ನಡ ರ‍್ಯಾಪರ್ ‘ಗರಗಸ’ನನ್ನು ಉಗಿದು ಸಾಲುಸಾಲಾಗಿ ಹೊಸ ಹಾಡು ಬಿಡುತ್ತಿದ್ದ. ನೆಲಮಾಳಿಗೆಯ ಕತ್ತಲಲ್ಲೂ ಕಪ್ಪು ಕನ್ನಡಕ ತೆಗೆದಿರಲಿಲ್ಲ.

“‘ಮೋರಿ ತೊಳದ ನೀರಿಗೂ ನಿನಗಿಂತ ಮರ್ಯಾದಿ ಐತಿ’ ಅಂದಿದೀರಲ್ಲ, ಇಂಥ ಸಾಲು ಎಲ್ಲಿಂದ ಬರುತ್ತೆ?” ಎಂದು ಸಂದರ್ಶಕಿ ಕೇಳಿದಳು.

“ಇಲ್ಲಿಂದ,” ಎಂದು ಕೆಂಡ ಎದೆ ತಟ್ಟಿಕೊಂಡ. “ನನ್ನ ಹಿಂದೆ ಕಂಪನಿ ಇಲ್ಲ, ಧಣಿ ಇಲ್ಲ. ಒಂದಕ್ಷರಾನೂ ಬೇರೆಯವರದಲ್ಲ. ಆ ಗರಗಸನದೆಲ್ಲ ಕಡ ತಂದ ಸರಕು. ಸ್ವಂತವಾಗಿ ಬೈಯೋಕೂ ಬಾರದವನು ರ‍್ಯಾಪರ್ ಅಂತೆ, ಥೂ!”

“ಹಾಗಾದ್ರೆ ಅವನಿಗೆ ಈಗಲೇ ಹೊಸದೊಂದು ಸಾಲು ಹೇಳಿಬಿಡಿ.”

ಕೆಂಡ ಕೆಮ್ಮಿದ. ನೀರು ಕುಡಿದು ಬರುತ್ತೇನೆಂದು ಮೆಟ್ಟಿಲು ಹತ್ತಿ ಅಡುಗೆಮನೆಗೆ ಓಡಿದ. ನವಲಗುಂದದಿಂದ ಬಂದಿದ್ದ ದೊಡ್ಡವ್ವ ರೊಟ್ಟಿ ಬೇಯಿಸುತ್ತಿದ್ದಳು.

“ದೊಡ್ಡವ್ವಾ, ಲಗೂ ಒಂದು ಬೈಗಳ ಕೊಡು!”

“ನಿನ್ನೆರ ಒಂದು ಕೊಟ್ಟಿದ್ನೆಲ್ಲೊ, ಮುಗದು ಹೋತೇನು? ಬೈಯಾಕ ಬರದವ ಜಗಳ ಯಾಕ ತಗೀಬೇಕು, ಮೂಳ!”

“ನನ್ನ ಆಮ್ಯಾಲೆ ಬೈಯಿ. ಮೊನ್ನೆ ಒಂದು ಅಂದಿದ್ದೆಲ್ಲ, ‘ಹಸಿ ಕಟಗಿ, ಹೊಗಿ ಭಾಳ, ಉರಿ ಇಲ್ಲ’ ಅಂತ. ಅದನ್ನ ಹೇಳಲೇನು?”

ದೊಡ್ಡವ್ವ ರೊಟ್ಟಿ ತಿರುವಿ ಹಾಕಿದಳು.

“ಅದು ಬ್ಯಾಡೊ. ಮುಂಜಾನೆ ಆ ಗರಗಸ ಬಂದು, ನಿನಗ ಬೈಯಾಕಂತ ಅದನ್ನ ಒಯ್ದಾನ.”