ಏಳನೇ ನಂಬರಿನ ಬಾಗಿಲು

ಏಳನೇ ನಂಬರಿನ ಗುಡಿಸಲಿಗೆ ಬಾಗಿಲೇ ಇರಲಿಲ್ಲ. ಜನ ಎಣಿಸಲು ಬಂದಿದ್ದ ಶೇಕ್ದಾರ್ ಷಣ್ಮುಖಪ್ಪನವರು ಖಾನೇಷುಮಾರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕಕ್ಕಾಬಿಕ್ಕಿಯಾಗಿ ನಿಂತರು. ಹೋದ ತಿಂಗಳು ತಾವೇ ಮುಂದೆ ನಿಂತು ಹಾಕಿಸಿದ್ದ ಬಾಗಿಲು ಅದು.

ಕಾಕನಕೋಟೆ ಕಾಡಿನ ಆ ಹಾಡಿಯಲ್ಲಿ ಅಲ್ಲಿಯವರೆಗೆ ಯಾವ ಮನೆಗೂ ಬಾಗಿಲೆಂಬುದಿರಲಿಲ್ಲ. ಮನೆಯ ನಂಬರನ್ನು ಬಾಗಿಲ ಮೇಲೆಯೇ ಬರೆಯಬೇಕೆಂದು ಮೈಸೂರಿನಿಂದ ಹುಕುಂ ಬಂದಿತ್ತು. ಅಂತರಸಂತೆಯಿಂದ ಗಾಡಿಯಲ್ಲಿ ಏಳು ಬಾಗಿಲುಗಳನ್ನು ಚೌಕಟ್ಟು ಸಮೇತ ತರಿಸಿ ನಿಲ್ಲಿಸಿದ್ದರು. ಮೂಗಿಗಿಂತ ಮೂಗುತಿಯೇ ಭಾರವಾಗಿತ್ತು.

"ಈ ಮನೆಯ ಚಿಕ್ಕಬೀರಮ್ಮ ಎಲ್ಲಯ್ಯ?" ಎಂದು ಹಾಡಿಯ ಯಜಮಾನ ಮಂಟಯ್ಯನನ್ನು ಕೇಳಿದರು.

"ಅವ್ಳ ಗಂಡ ತೀರ್ಕಂಡು ಎಂಟು ದಿನ ಆಯ್ತು ಬುದ್ದಿ. ಸತ್ತ ಮನೇಲಿ ನಾವು ಇರಾಕಿಲ್ಲ. ಅಳ್ಳದಾಚೆಗೆ ಓಗವ್ಳೆ."

ಷಣ್ಮುಖಪ್ಪನವರು ಪುಸ್ತಕ ಬಿಚ್ಚಿ, ಬರೆಯದೆ ಮತ್ತೆ ಮುಚ್ಚಿದರು. ಏಳನೇ ಮನೆ ಖಾಲಿ ಎಂದು ಬರೆದರೆ ಅವಳ ಕಥೆ ಮುಗಿಯಿತು. ಪುಸ್ತಕದಲ್ಲಿ ಹೆಸರಿಲ್ಲದವರನ್ನು ಯುಗಾದಿಯೊಳಗೆ ಕಾಡಿನಿಂದ ಹೊರಗೆ ಹಾಕಬೇಕೆಂದು ಜಂಗಲ್ ಇಲಾಖೆಯವರು ಕಾದು ಕೂತಿದ್ದರು. ಮನೆ ಬದಲಾಯಿತು ಎಂದು ಬರೆಯಲು ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಪಾಪ, ಹುಟ್ಟಿದ ಕಾಡು ಬಿಟ್ಟು ಆ ಮುದುಕಿ ಎಲ್ಲಿಗೆ ಹೋದಾಳು?

ಹಳ್ಳ ದಾಟಿದರೆ ಬಟ್ಟಂಬಯಲು. ಗೋಡೆಯಿಲ್ಲ, ಸೂರಿಲ್ಲ. ಬಯಲ ನಡುವೆ ಎರಡು ಬಿದಿರು ಗೂಟಗಳ ಆಸರೆಯಲ್ಲಿ ಏಳನೇ ನಂಬರಿನ ಬಾಗಿಲು ಮುಚ್ಚಿಕೊಂಡು ನಿಂತಿತ್ತು. ಅದರ ಹಿಂದೆ ಚಿಕ್ಕಬೀರಮ್ಮ ಕಾಡುಗೆಣಸು ಸುಡುತ್ತಿದ್ದಳು. ಷಣ್ಮುಖಪ್ಪನವರು ಬಾಗಿಲನ್ನು ಬಳಸಿಕೊಂಡು ಅವಳ ಹತ್ತಿರ ಹೋದರು.

"ಬಾಗ್ಲಿಂದ ಬನ್ನಿ ಬುದ್ದಿ," ಅಂದಳು ಅವಳು. "ಮಗ್ಗುಲಿಂದ ಬಂದ್ರೆ ಮನೀಗ್ ಬಂದಂಗಾಯ್ತದಾ?"

"ಮನೆ ಎಲ್ಲಿದೆಯಮ್ಮ?"

"ನಂಬರಿರೋ ಬಾಗ್ಲೇ ಮನೆ ಅಂತ ಅವತ್ತು ನೀವೇ ಅಂದ್ರಲ್ಲ. ಅದ್ಕೇ ತಂದೆ. ಗಂಡನ್ನ ಹೊರಾಕೆ ನಾಕ್ ಜನ ಬಂದ್ರು. ಇದ್ನ ಹೊರಾಕೆ ಯಾರೂ ಬರ್ನಿಲ್ಲ."

ಶೇಕ್ದಾರರು ಬಂದ ದಾರಿಯಲ್ಲೇ ಹಿಂದಿರುಗಿ, ಬಾಗಿಲ ಮುಂದೆ ಜೋಡು ಬಿಟ್ಟು, ಎರಡು ಸಲ ತಟ್ಟಿದರು. ಅವಳು ಎದ್ದು ಬಂದು ತೆಗೆದಳು. ರುಮಾಲು ತಗುಲದಂತೆ ತಲೆ ಬಗ್ಗಿಸಿ ಒಳಗೆ ಬಂದರು.

"ಮನೆಯಲ್ಲಿ ಎಷ್ಟು ಜನ?"

"ನಾನೊಬ್ಳೇ."

ಏಳನೇ ನಂಬರು, ಹೆಂಗಸು, ಒಂದು ಎಂದು ಬರೆದು ಮಸಿ ಒಣಗುವವರೆಗೂ ಊದಿದರು. ಹೊರಟಾಗ ಅವಳು ಒಂದು ಗೆಣಸನ್ನು ಅವರ ಕೈಗಿಟ್ಟು, "ಬಾಗ್ಲು ಎಳ್ಕಂಡ್ ಓಗಿ ಬುದ್ದಿ. ಇಲ್ಲಿ ಆನೆ ಕಾಟ ಜಾಸ್ತಿ," ಅಂದಳು.

ಷಣ್ಮುಖಪ್ಪನವರು ಹೊರಗೆ ಬಂದು ಬಾಗಿಲೆಳೆದುಕೊಂಡರು. ಸರಿಯಾಗಿ ಮುಚ್ಚಿತೇ ಎಂದು ಇನ್ನೊಂದು ಸಲ ತಳ್ಳಿ ನೋಡಿದರು.