ಮೈಕಾಸುರ ಹೇಳಿದ್ದು ಸರಿ

ಶಾಸಕ ಬಟ್ಟೆ ಅಂಗಡಿಯೊಳಗೆ ಕಾಲಿಟ್ಟದ್ದೇ ತಡ, ಮಾಲೀಕ ತನ್ನ ಕುರ್ಚಿಯನ್ನೇ ಎತ್ತಿಕೊಂಡು ಓಡಿಬಂದ. ಹೊಸ ಮನೆಯ ಕಿಟಕಿಗಳಿಗೆ ಪರದೆ ಬಟ್ಟೆ ಬೇಕಾಗಿತ್ತಂತೆ. ಪರದೆಯ ವಿಭಾಗದಲ್ಲಿದ್ದ ದೊಡ್ಡಕ್ಕನಿಗೆ ಆ ಮುಖ ಕಂಡದ್ದೇ ಮೈ ಉರಿಯಿತು. ಎರಡು ವರ್ಷದ ಹಿಂದೆ, ಅಂಗಡಿಗಳಲ್ಲಿ ಹೆಂಗಸರಿಗೊಂದು ಶೌಚಾಲಯ ಕಟ್ಟಿಸಿ ಎಂದು ಅವಳೂ ಜೊತೆಯವರೂ ರಸ್ತೆಗಿಳಿದಿದ್ದಾಗ, ಇದೇ ಮನುಷ್ಯ ವೇದಿಕೆ ಹತ್ತಿ, "ಮನೇಲಿ ಕೆಲಸ ಇಲ್ಲದೋರು ಬೀದಿಗೆ ಬಂದಿದಾರೆ" ಎಂದು ಊರನ್ನೆಲ್ಲ ನಗಿಸಿದ್ದ. ಅಂದಿನಿಂದ ಅವಳ ಬಾಯಲ್ಲಿ ಅವನ ಹೆಸರು ಮೈಕಾಸುರ.

ಅವಳು ತುಟಿ ಬಿಗಿದುಕೊಂಡು ಥಾನುಗಳನ್ನು ಬಿಚ್ಚಿ ಹರಡಿದಳು. ಪಕ್ಕದಲ್ಲಿ ಮಡಿಸಿಡುತ್ತಿದ್ದವಳು ಏಳು ತಿಂಗಳ ಬಸುರಿ. ಬೆಳಗ್ಗೆ ಒಂಬತ್ತರಿಂದ ನಿಂತ ಅವಳ ಪಾದ ಊದಿ, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಊಟದ ಅರ್ಧ ಗಂಟೆ ಬಿಟ್ಟರೆ ಈ ಅಂಗಡಿಯಲ್ಲಿ ಕೆಲಸದವರು ಕೂರುವಂತಿಲ್ಲ. ಗೋಡೆಗೆ ಒರಗಿದರೂ ಮಾಲೀಕ ಕೆಮ್ಮುತ್ತಿದ್ದ.

ಮೂರನೆಯ ಥಾನು ಎತ್ತುವಾಗ ಬಸುರಿ ಓಲಾಡಿ, ಕಪಾಟು ಹಿಡಿದುಕೊಂಡಳು.

"ಯಾಕಮ್ಮ? ಒಂಚೂರು ಕೂತ್ಕೋ," ಎಂದ ಶಾಸಕ.

ಅವಳು ಮಾಲೀಕನ ಮುಖ ನೋಡಿದಳು, ಕೂರಲಿಲ್ಲ.

"ಇವರಿಗೆಲ್ಲ ಒಂದೊಂದು ಸ್ಟೂಲಿಲ್ವೇನ್ರೀ?"

"ಗಿರಾಕಿ ಎದುರಿಗೆ ಕೂತಿದ್ರೆ ಚೆನ್ನಾಗಿ ಕಾಣಲ್ಲ ಸಾರ್," ಮಾಲೀಕ ಹಲ್ಲು ಕಿರಿದ. "ಇವರೂ ಯಾವತ್ತೂ ಕೇಳಿಲ್ಲ. ಬೇಕಾದ್ರೆ ದೊಡ್ಡಕ್ಕನ್ನೇ ಕೇಳಿ."

ಶಾಸಕ ಎದ್ದೇಬಿಟ್ಟ. "ಹೊಟ್ಟೇಲಿ ಮಗು ಇಟ್ಕೊಂಡೋಳನ್ನ ಕಂಬದ ಥರ ನಿಲ್ಸಿದೀಯಲ್ಲ, ಮನುಷ್ಯನೇನಯ್ಯ ನೀನು? ಕೂತು ತೋರಿಸಿದ್ರೆ ನಿನ್ನ ಬಟ್ಟೆ ಬಣ್ಣ ಬಿಡುತ್ತಾ?"

ದೊಡ್ಡಕ್ಕನಿಗೆ ಸಿಟ್ಟು ನೆತ್ತಿಗೇರಿತು. ಇಲ್ಲಿ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಿಂದ ಮಾಲೀಕನ ಮುಖಕ್ಕೇ ಹೀಗೆ ಬೈಯಬೇಕೆಂದು ತಾನು ಕಾದಿದ್ದ ಮಾತು, ಹೋಗಿ ಹೋಗಿ ಇವನ ಬಾಯಿಂದಲೇ ಬರಬೇಕಿತ್ತೆ? 'ನಮಗೇನೂ ತೊಂದರೆಯಿಲ್ಲ' ಅಂದುಬಿಟ್ಟರೆ ಸಾಕಿತ್ತು. ಅವನಿಗೆ ಎಲ್ಲರೆದುರು ಮುಖಭಂಗವಾಗುತ್ತಿತ್ತು, ತನ್ನ ಕೆಲಸವೂ ಉಳಿಯುತ್ತಿತ್ತು. ಅಂಗಡಿಯವರೆಲ್ಲ ಕೈಕೆಲಸ ಬಿಟ್ಟು ಅವಳನ್ನೇ ನೋಡುತ್ತಿದ್ದರು. ಬಸುರಿ ಇನ್ನೂ ಕಪಾಟು ಬಿಟ್ಟಿರಲಿಲ್ಲ.

"ಕೇಳಿದೀವಿ," ಎಂದಳು ದೊಡ್ಡಕ್ಕ, ಮಾಲೀಕನತ್ತ ತಿರುಗಿ. "ನಾಲ್ಕು ಸಲ. ಹೋದ ತಿಂಗಳು ಡಾಕ್ಟರ ಚೀಟೀನೂ ತೋರಿಸಿದ್ವಿ. ಕೂರೋ ಆಸೆ ಇದ್ರೆ ಮನೇಲಿ ಕೂರ್ಲಿ ಅಂದ್ರಿ ನೀವು." ಆಮೇಲೆ ಕಹಿ ಕಷಾಯ ನುಂಗಿದವಳಂತೆ ಮುಖ ಕಿವುಚಿ, "ಇವರು ಹೇಳ್ತಿರೋದು ಸರಿ," ಎಂದಳು.

ಮೈಕಾಸುರನ ಮುಖ ಅರಳಿತು. "ನೋಡಿದ್ರಾ! ಅದಕ್ಕೇ ನಾನು ಬಡ್ಕೊಳ್ಳೋದು, ಹೆಂಗಸರು ಮನೇಲಿದ್ರೇನೇ ಚೆಂದ ಅಂತ."

"ಕೂರೋ ಮಾತು ಒಪ್ಪಿದೆ ಸಾರ್. ಮನೆ ಮಾತು ಒಪ್ಪಲ್ಲ. ಇವಳು ಇಲ್ಲಿ ದುಡಿದ್ರೇನೇ ಅಲ್ಲಿ ಒಲೆ ಉರಿಯೋದು. ಕೆಲಸ ಇಲ್ಲದೋರು ಬೀದಿಗೆ ಬಂದಿದಾರೆ ಅಂದ್ರಲ್ಲ ಅವತ್ತು, ಆ ಗುಂಪಲ್ಲಿ ನಾನೂ ಇದ್ದೆ."

ಅವನ ನಗು ಅರ್ಧಕ್ಕೇ ನಿಂತಿತು. ತಾನು ಕೂತಿದ್ದ ಕುರ್ಚಿಯನ್ನು ಬಸುರಿಯ ಕಡೆ ತಳ್ಳಿ, ಪರದೆಯನ್ನೂ ಕೊಳ್ಳದೆ ಹೊರಟುಹೋದ. ಅವಳು ಕುಸಿದು ಕೂತು ಕಣ್ಣು ಮುಚ್ಚಿದಳು.

ಕಾರಿನ ಸದ್ದು ತಿರುವಿನಲ್ಲಿ ಅಡಗಿದ್ದೇ ಮಾಲೀಕ ಬಂದು ಕುರ್ಚಿಯ ಬೆನ್ನು ಹಿಡಿದ. "ನಾಟಕ ಮುಗೀತು. ಏಳಮ್ಮ."

ಗಾಬರಿಯಿಂದ ಏಳಹೋದವಳ ಭುಜವನ್ನು ದೊಡ್ಡಕ್ಕ ಒತ್ತಿ ಹಿಡಿದಳು.

"ಏನ್ ದೊಡ್ಡಕ್ಕ, ನೀವೂ ಅವರ ಪಕ್ಷ ಸೇರಿದ್ರಾ?"

"ಸಾಯೋವರೆಗೂ ಅವನಿಗೆ ನನ್ನ ವೋಟಿಲ್ಲ." ಅವಳ ಕೈ ಭುಜದಿಂದ ಕದಲಲಿಲ್ಲ. "ಆದ್ರೆ ಅಂಥವನಿಗೂ ನಿಮ್ಮನ್ನ ನೋಡಿ ನಾಚಿಕೆಯಾಯ್ತಲ್ಲ ಸಾರ್!"